ಬೆಕ್ಕಿನ ಬಿಡಾರಕ್ಕೆ ಚಕ್ರ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಂಜೆ ಹೊತ್ತು ಯಾರೋ ತಳ್ಳಿಕೊಂಡು ಬಂದ ಗಾಡಿಯತ್ತ ಬಗ್ಗಿ ‘ಪಾಪುಗೆ ಎಷ್ಟು ತಿಂಗಳು?’ ಎಂದು ಕೇಳಹೊರಟವರಿಗೆ ಒಳಗಿಂದ ಮೀಸೆ ಕಾಣುವುದು ಈಗ ಅಂಥ ವಿಶೇಷವೇನಲ್ಲ. ಬೆಕ್ಕು ಅಡ್ಡ ಬಂದರೆ ಎರಡು ನಿಮಿಷ ನಿಂತು ಹೋಗುವ ಹಿರಿಯರು, ಗಾಡಿಯಲ್ಲಿ ಅಡ್ಡ ಬಂದ ಬೆಕ್ಕಿಗೂ ಅದೇ ನಿಯಮವೋ ಎಂದು ಇನ್ನೂ ತೀರ್ಮಾನಿಸಿಲ್ಲ, ಅಷ್ಟೆ.

ಇಂಥ ತಳ್ಳುಗಾಡಿ, ಅಂದರೆ ಸ್ಟ್ರಾಲರ್ ಕೊಳ್ಳಲು ಹೋದವರು ಬಣ್ಣ ನೋಡುತ್ತಾರೆ, ಕಾಫಿ ಕಪ್ ಇಡಲು ಜಾಗವಿದೆಯೇ ನೋಡುತ್ತಾರೆ, ಮಡಚಿದರೆ ಕಾರಿನ ಡಿಕ್ಕಿಗೆ ಹಿಡಿಸುತ್ತದೆಯೇ ಎಂದು ಅಳೆಯುತ್ತಾರೆ. ಬೆಕ್ಕಿಗೆ ಬೇಕಾದದ್ದು ಬೇರೆ. ಹೆದರಿಕೆಯಾದಾಗ ಅಡಗಿಕೊಳ್ಳಲು ಇದರೊಳಗೆ ಜಾಗವಿದೆಯೇ ಎಂಬುದಷ್ಟೇ ಅದರ ಚಿಂತೆ. ಅಂಗಡಿಯವರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಕೊಡುವ ಸಲಹೆಗಳಲ್ಲಿ ತಪ್ಪಿಹೋಗುವುದು ಇದೇ.

‘ನಾಯಿಗೆ ವಾಕಿಂಗ್ ಬೇಕು ಅಂದಮೇಲೆ ಬೆಕ್ಕಿಗೂ ಬೇಕಲ್ವಾ?’

ಬೇಕೇಬೇಕು ಎಂದೇನಿಲ್ಲ. ಬೆಕ್ಕು ಸೋಫಾದ ಮೂಲೆಗೆ, ಬಾಗಿಲ ಚೌಕಟ್ಟಿಗೆ, ನಿಮ್ಮ ಕಾಲಿಗೆ ಕೆನ್ನೆ ಉಜ್ಜುತ್ತದಲ್ಲ, ಅಲ್ಲೆಲ್ಲ ತನ್ನ ವಾಸನೆ ಹಚ್ಚಿ ಸರಹದ್ದು ಗುರುತು ಮಾಡಿಕೊಳ್ಳುತ್ತದೆ. ಆ ವಾಸನೆ ಇಲ್ಲದ ಕಡೆಯೆಲ್ಲ ಅದಕ್ಕೆ ಪರಸ್ಥಳ. ಬಾಲ್ಕನಿಯ ಜಾಲರಿಗೆ ಮೂಗು ಒತ್ತಿ ದಿನವಿಡೀ ರಸ್ತೆ ನೋಡುವ ಬೆಕ್ಕಿಗೆ ಗಾಡಿ ಸವಾರಿ ಹಿಡಿಸಬಹುದು. ಕಾಲಿಂಗ್ ಬೆಲ್ ಸದ್ದಿಗೇ ಮಂಚದಡಿ ಸೇರುವ ಬೆಕ್ಕಿಗೆ ಅದು ಶಿಕ್ಷೆ. ಇನ್ನು ಸವಾರಿಯಿಂದ ವ್ಯಾಯಾಮವಾಗುತ್ತದೆ ಎನ್ನುವ ಮಾತು: ಬೊಜ್ಜು ಕರಗಿದರೆ ತಳ್ಳುವವರದ್ದು ಕರಗೀತು, ಕೂತವರದ್ದಲ್ಲ. ಬೆಕ್ಕಿನ ತೂಕ ಇಳಿಯಬೇಕೆಂದರೆ ಮನೆಯಲ್ಲೇ ದಾರದ ತುದಿಗೆ ಗರಿ ಕಟ್ಟಿ ಆಡಿಸಿ.

ಹಾಗಂತ ಇದು ದುಡ್ಡಿದ್ದವರ ಶೋಕಿ ಎಂದು ತಳ್ಳಿಹಾಕುವಂತೆಯೂ ಇಲ್ಲ. ಅಮೆರಿಕದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 90 ಬೆಕ್ಕುಗಳ ಕೀಲು ಸವೆದಿರುವ ಲಕ್ಷಣ ಕಂಡಿತ್ತು. ಅಂಥ ಮುದಿ ಬೆಕ್ಕನ್ನು ಕೈಚೀಲದಂಥ ಕ್ಯಾರಿಯರ್‌ನಲ್ಲಿ ಜೋಲಾಡಿಸಿಕೊಂಡು ಆಸ್ಪತ್ರೆಗೆ ಒಯ್ಯುವುದಕ್ಕಿಂತ ಸಮತಟ್ಟಾದ ಗಾಡಿಯಲ್ಲಿ ಮಲಗಿಸಿ ತಳ್ಳುವುದು ಎಷ್ಟೋ ಮೇಲು. ಕಾಲು ಕಳೆದುಕೊಂಡದ್ದಕ್ಕೆ, ಆಪರೇಷನ್ ಆದದ್ದಕ್ಕೆ, ಕಣ್ಣು ಕಾಣದ್ದಕ್ಕೆ ಕೂಡ.

‘ಎಷ್ಟು ಸುಮ್ಮನೆ ಕೂತಿದೆ ನೋಡಿ, ಫುಲ್ ಖುಷಿ!’

ಇದರಷ್ಟು ಅಪಾಯದ ತಪ್ಪು ಕಲ್ಪನೆ ಇನ್ನೊಂದಿಲ್ಲ. ಹೆದರಿದ ನಾಯಿ ಬೊಗಳೀತು, ಎಳೆದಾಡೀತು. ಹೆದರಿದ ಬೆಕ್ಕು ಬಹಳ ಸಲ ಮರಗಟ್ಟಿದಂತೆ ಕೂತುಬಿಡುತ್ತದೆ. ಹತ್ತಿರದಿಂದ ನೋಡಿ: ಕಿವಿ ಪಕ್ಕಕ್ಕೆ ಚಪ್ಪಟೆಯಾಗಿದೆ, ಕಣ್ಣಪಾಪೆ ಅರಳಿ ಕಣ್ಣೆಲ್ಲ ಕಪ್ಪಾಗಿದೆ, ನಾಲ್ಕೂ ಪಾದ ಹೊಟ್ಟೆಯಡಿ ಸೇರಿವೆ, ಬಾಲ ಮೈಗೆ ಬಿಗಿದು ಸುತ್ತಿದೆ, ನಾಲಗೆ ಆಗಾಗ ಮೂಗು ತುಟಿ ನೆಕ್ಕುತ್ತಿದೆ. ಮನೆಯಲ್ಲಿ ಕಸಿದು ತಿನ್ನುವ ತಿಂಡಿಯನ್ನು ಮೂಸಿಯೂ ನೋಡುವುದಿಲ್ಲ. ಇದು ಖುಷಿಯಲ್ಲ. ಗುರ್‌ಗುರ್ ಅಂದರೂ ನಂಬುವಂತಿಲ್ಲ. ಬೆಕ್ಕು ನೋವಿನಲ್ಲೂ ಗುರ್‌ಗುಟ್ಟುತ್ತದೆ, ಮರಿ ಹಾಕುವಾಗಲೂ ಗುರ್‌ಗುಟ್ಟುತ್ತದೆ. ಹಾಯಾಗಿರುವ ಬೆಕ್ಕು ಒಂದು ಮಗ್ಗುಲಿಗೆ ಒರಗುತ್ತದೆ, ಮೈ ನೆಕ್ಕಿಕೊಳ್ಳುತ್ತದೆ, ಕೊಟ್ಟದ್ದನ್ನು ತಿನ್ನುತ್ತದೆ.

ಆದ್ದರಿಂದಲೇ ‘ಸುತ್ತಲೂ ಜಾಲರಿ ಇದ್ದಷ್ಟೂ ಒಳ್ಳೆಯದು, ಎಲ್ಲ ಕಾಣುತ್ತೆ’ ಎಂಬ ಸಲಹೆಯೂ ಅರ್ಧ ಸತ್ಯ. ಗಾಳಿಗೆ ಜಾಲರಿ ಬೇಕು, ಸರಿ. ಆದರೆ ಬೇಕೆಂದಾಗ ಕನಿಷ್ಠ ಮೂರು ಕಡೆ ಪರದೆ ಇಳಿಸುವಂತಿರಬೇಕು. ಬುಟ್ಟಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಗಮನಿಸಿ. ತಗ್ಗಿನ ಗಾಡಿಯಲ್ಲಿ ಬೆಕ್ಕಿನ ಮುಖ ಸರಿಯಾಗಿ ಬೀದಿನಾಯಿಯ ಮೂತಿಯ ಮಟ್ಟಕ್ಕೇ ಬರುತ್ತದೆ; ನಮ್ಮ ಊರುಗಳ ಬೀದಿ ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗವಿದೆ ಎಂದು ಭಾನುವಾರ ಬೆಳಗ್ಗೆ ಬೆಕ್ಕನ್ನೂ ಅತ್ತ ತಳ್ಳಿಕೊಂಡು ಹೋಗುವ ಉತ್ಸಾಹ ಬೇಡ. ಸದ್ದಿನ ವಿಷಯವೂ ಇದೆ: ಮನುಷ್ಯನ ಕಿವಿಗೆ ಕೇಳುವುದು ಸುಮಾರು 20,000 ಹರ್ಟ್ಸ್‌ವರೆಗೆ. ಬೆಕ್ಕಿಗೆ 60,000ಕ್ಕೂ ಮೇಲೆ ಕೇಳುತ್ತದೆ. ನಿಮಗೆ ನಿಶ್ಶಬ್ದ ಅನ್ನಿಸಿದ ರಸ್ತೆ ಅದಕ್ಕೆ ಸಂತೆ.

‘15 ಕೆ.ಜಿ. ತಡೆಯುತ್ತೆ ಅಂತ ಬರೆದಿದೆ, ಸಾಕಲ್ಲ’

ನಮ್ಮ ಮನೆಗಳ ಸಾಮಾನ್ಯ ಬೆಕ್ಕು ತೂಗುವುದು ಮೂರೂವರೆಯಿಂದ ಐದು ಕಿಲೋ. ಗಾಡಿ ಎಷ್ಟು ಭಾರ ತಡೆಯುತ್ತದೆ ಎಂಬುದಕ್ಕೂ ಒಳಗೆ ಬೆಕ್ಕು ಎದ್ದು ನಿಂತು ತಿರುಗಿ ಮಲಗಲು ಆಗುತ್ತದೆಯೇ ಎಂಬುದಕ್ಕೂ ಸಂಬಂಧವಿಲ್ಲ. ಮೂಗಿನಿಂದ ಬಾಲದ ಬುಡದವರೆಗೆ ಟೇಪಿನಲ್ಲಿ ಅಳೆದು, ಅದಕ್ಕಿಂತ ಒಂದು ಗೇಣಾದರೂ ಉದ್ದವಿರುವ ತಳ ಹುಡುಕಿ. ತಳ ಗಟ್ಟಿ ಹಲಗೆಯದ್ದಾಗಿರಲಿ. ಜೋತುಬೀಳುವ ಬಟ್ಟೆಯ ಮೇಲೆ ಬೆಕ್ಕು ಕಾಲೂರಿ ನಿಲ್ಲಲಾರದು.

ಗಾಡಿಯ ನಿಜವಾದ ಪರೀಕ್ಷೆ ಚಕ್ರದ್ದು. ಅಂಗಡಿಯ ನುಣ್ಣನೆ ನೆಲದ ಮೇಲೆ ಯಾವ ಗಾಡಿಯಾದರೂ ಬೆಣ್ಣೆಯಂತೆ ಸರಿಯುತ್ತದೆ. ಫುಟ್‌ಪಾತಿನ ಕಲ್ಲುಚಪ್ಪಡಿಗಳ ಸಂದಿನಲ್ಲಿ ಪುಟ್ಟ ಪ್ಲಾಸ್ಟಿಕ್ ಚಕ್ರ ಸಿಕ್ಕಿಕೊಂಡರೆ ಗಾಡಿ ಥಟ್ಟನೆ ನಿಂತು ಬೆಕ್ಕು ಮುಂದಕ್ಕೆ ಮುಗ್ಗರಿಸುತ್ತದೆ. ಸಿಮೆಂಟ್ ಇಂಟರ್‌ಲಾಕ್ ಟೈಲ್ಸ್ ಮೇಲಂತೂ ಕರಕರ ನಡುಕ ನೇರ ಅದರ ಪಾದಕ್ಕೇ. ಕೊಳ್ಳುವ ಮುನ್ನ ಅರ್ಧ ತುಂಬಿದ ನೀರಿನ ಬಾಟಲಿಯನ್ನು ಬುಟ್ಟಿಯಲ್ಲಿ ಅಡ್ಡ ಮಲಗಿಸಿ, ಅಂಗಡಿಯ ಹೊರಗಿನ ಒರಟು ನೆಲದಲ್ಲಿ ಹತ್ತು ಹೆಜ್ಜೆ ತಳ್ಳಿ. ನೀರು ಕುಣಿದಷ್ಟು ಬೆಕ್ಕೂ ಕುಣಿಯುತ್ತದೆ. ಅಗಲವಾದ ರಬ್ಬರ್ ಅಥವಾ ಫೋಮ್ ಚಕ್ರ, ಅದರ ಮೇಲೊಂದು ಸ್ಪ್ರಿಂಗ್ ಇದ್ದರೆ ಬೆಲೆ ಸ್ವಲ್ಪ ಹೆಚ್ಚಾದರೂ ಚೌಕಾಸಿ ಬೇಡ. ಮೂರು ಚಕ್ರವೋ ನಾಲ್ಕೋ ಎಂಬ ಜಗಳದಲ್ಲಿ ಹುರುಳಿಲ್ಲ. ಬೆಕ್ಕು ಒಂದು ಬದಿಗೆ ಹಾರಿದರೆ ವಾಲದಂತೆ ಬುಡ ಅಗಲವಿದ್ದರಾಯಿತು. ಲಿಫ್ಟ್ ಇಲ್ಲದ ಮನೆಯವರು ಬುಟ್ಟಿ ಕಳಚಿಕೊಳ್ಳುವ ಗಾಡಿಯನ್ನೇ ಕೊಳ್ಳಿ, ಇಲ್ಲದಿದ್ದರೆ ಎರಡನೇ ವಾರಕ್ಕೆ ಅದು ಮೆಟ್ಟಿಲಡಿ ಸೇರುತ್ತದೆ. ಮಗುವಿನ ಹಳೇ ಗಾಡಿ ಮನೆಯಲ್ಲೇ ಇದೆ ಎನ್ನುವವರಿಗೆ: ಅದರ ಮೇಲ್ಭಾಗ ತೆರೆದಿರುತ್ತದೆ, ಬೆಕ್ಕಿಗೆ ಅದು ಗಾಡಿಯಲ್ಲ, ಬಾಗಿಲು.

‘ಜಿಪ್ ಹಾಕಿದರೆ ಮುಗೀತು’

ಎರಡು ಜಿಪ್‌ಗಳು ನಡುವೆ ಬಂದು ಸೇರುವ ಜಾಗವನ್ನು ಬೆಕ್ಕಿನ ಕಣ್ಣಿನಿಂದ ನೋಡಿ. ಅಲ್ಲಿ ಒಂದು ಉಗುರು ತೂರುವಷ್ಟು ಸಂದು ಉಳಿದಿರುತ್ತದೆ. ಮೊದಲು ಉಗುರು, ಆಮೇಲೆ ಮೂಗು, ತಲೆ ತೂರಿತೆಂದರೆ ಉಳಿದ ಮೈ ತಾನಾಗಿ ಹೊರಗೆ. ಜಿಪ್‌ಗಳನ್ನು ಒಂದು ಮೂಲೆಗೆ ಎಳೆದು, ಅವುಗಳ ತೂತಿಗೆ ಕೀ ಬಂಚಿನ ಚಿಕ್ಕ ಕೊಕ್ಕೆ ಸಿಗಿಸಿ. ಜೊತೆಗೆ ಮೈಗೆ ಹಾರ್ನೆಸ್ ತೊಡಿಸಿ ಗಾಡಿಯೊಳಗಿನ ಪಟ್ಟಿಗೆ ಬಿಗಿಯಬೇಕು. ಕತ್ತಿನ ಬೆಲ್ಟಿಗೆ ಎಂದೂ ಬೇಡ, ಜಿಗಿದರೆ ಉರುಳಾಗುತ್ತದೆ. ಹಾರ್ನೆಸ್ ಇದ್ದರೂ ಪಟ್ಟಿ ಬುಟ್ಟಿಯ ಅಂಚು ದಾಟುವಷ್ಟು ಉದ್ದವಿರಬಾರದು. ಕಾರಿನ ಸೀಟಿನ ಮೇಲೆ ಗಾಡಿಯ ಬುಟ್ಟಿ ಇಟ್ಟರೆ ಸುರಕ್ಷಿತ ಎಂಬುದೂ ನಂಬಿಕೆಯೇ. ಸೀಟ್‌ಬೆಲ್ಟಿಗೆ ಕಟ್ಟಲು ಜಾಗವಿಲ್ಲದ ಬುಟ್ಟಿ ಬ್ರೇಕ್ ಹಾಕಿದಾಗ ಹಾರುತ್ತದೆ.

‘ಮೇಲೆ ಹೊದಿಕೆ ಇದೆಯಲ್ಲ, ಬಿಸಿಲೇನು ಮಾಡುತ್ತೆ?’

ಬೆಕ್ಕಿನ ಸಹಜ ಮೈಶಾಖವೇ 38ರಿಂದ 39 ಡಿಗ್ರಿಯ ಆಸುಪಾಸು. ಬೆವರುವುದು ಪಾದದಡಿ ಮಾತ್ರ. ನಾಯಿ ಬಾಯಿ ತೆರೆದು ಏದುವುದು ಮಾಮೂಲಿ, ಬೆಕ್ಕು ಹಾಗೆ ಏದಿತೆಂದರೆ ಗಾಬರಿಯಾಗಬೇಕು. ತಕ್ಷಣ ನೆರಳಿಗೊಯ್ದು, ಕಿವಿ ಪಾದಗಳಿಗೆ ಸಾಧಾರಣ ನೀರು ಸವರಿ (ಐಸ್ ನೀರು ಬೇಡ), ಗಾಳಿ ಬೀಸುತ್ತ ಡಾಕ್ಟರ ಬಳಿ ಓಡಿ. ನಮ್ಮಲ್ಲಿ ಎಲ್ಲರಿಗೂ ಪ್ರಿಯವಾದ ಪರ್ಷಿಯನ್ ಬೆಕ್ಕಿಗೆ ಮುಖವೇ ಚಪ್ಪಟೆ, ಉಸಿರಾಟದ ದಾರಿ ಇಕ್ಕಟ್ಟು, ಮೈತುಂಬ ಕೂದಲು. ಅಪಾಯ ಎಲ್ಲರಿಗಿಂತ ಮುಂಚೆ ಅದಕ್ಕೇ. ಕಪ್ಪು ಬಟ್ಟೆಯ ಗಾಡಿ ಬಿಸಿಲಲ್ಲಿ ಒಲೆಯಾಗುತ್ತದೆ, ಮಳೆಗೆಂದು ಕೊಡುವ ಪ್ಲಾಸ್ಟಿಕ್ ಹೊದಿಕೆ ಬಿಸಿಲು ಬಂದಮೇಲೂ ಹಾಗೇ ಇದ್ದರೆ ಇನ್ನೂ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನವರು ಬೆಳಗ್ಗೆ ಏಳರೊಳಗೆ ಮನೆ ಸೇರುವುದು ಒಳ್ಳೆಯದು. ಮಂಗಳೂರಿನ ಸೆಕೆಯಲ್ಲಿ ಸಂಜೆಯೂ ಅನುಮಾನವೇ.

ಇನ್ನು ಬಿಡಿಬಿಡಿ ನಂಬಿಕೆಗಳು

‘ಗಾಡಿ ಬಿಟ್ಟು ಇಳಿಯೋದೇ ಇಲ್ಲ, ಲಸಿಕೆ ಯಾಕೆ?’ ಬೆಕ್ಕುಗಳ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ಹೊರಗೆ ಒಂದು ವರ್ಷದವರೆಗೂ ಬದುಕಬಲ್ಲದು. ನಿಮ್ಮ ಚಪ್ಪಲಿಯಲ್ಲಿ, ಗಾಡಿಯ ಚಕ್ರದಲ್ಲಿ ಮನೆಗೆ ಬರುತ್ತದೆ. ಅದಕ್ಕೂ ರೇಬೀಸಿಗೂ ಚುಚ್ಚುಮದ್ದು ಆಗಿರಲೇಬೇಕು. ಉಣ್ಣೆಗೆಂದು ಮನೆಯ ನಾಯಿಗೆ ತಂದ ಔಷಧವನ್ನು ಬೆಕ್ಕಿಗೂ ಎರಡು ಹನಿ ಹಾಕುವ ಧೈರ್ಯ ಬೇಡ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ವಿಷ.

‘ಎರಡೂ ಒಟ್ಟಿಗೇ ಮಲಗುತ್ತವೆ, ಒಂದೇ ಗಾಡಿ ಸಾಕು.’ ಮನೆಯಲ್ಲಿ ಸಾಕು. ಹೊರಗೆ ನಾಯಿ ಬೊಗಳಿದ ಭಯವನ್ನು ಒಂದು ಬೆಕ್ಕು ಪಕ್ಕದಲ್ಲಿರುವ ಇನ್ನೊಂದರ ಮೇಲೆ ತೀರಿಸಿಕೊಳ್ಳುತ್ತದೆ.

‘ತಂದ ದಿನವೇ ಒಂದು ರೌಂಡ್ ಹೊಡೆಸೋಣ.’ ಮೊದಲು ಗಾಡಿಯನ್ನು ಹಾಲ್‌ನಲ್ಲಿ ಬ್ರೇಕ್ ಹಾಕಿ, ಬಾಗಿಲು ತೆರೆದು, ಬೆಕ್ಕು ದಿನಾ ಮಲಗುವ ಹಳೇ ಟವೆಲ್ ಒಳಗೆ ಹಾಸಿ ಬಿಟ್ಟುಬಿಡಿ. ತಾನಾಗಿ ಹತ್ತಿ ನಿದ್ದೆ ಹೊಡೆದ ಮೇಲೆ ಮನೆಯೊಳಗೇ ನಾಲ್ಕು ಹೆಜ್ಜೆ, ಆಮೇಲೆ ಕಾರಿಡಾರ್, ಆಮೇಲೆ ಹೊರಗೆ.

ಸೆಕೆಂಡ್ ಹ್ಯಾಂಡ್ ಗಾಡಿ ತಂದವರು ಮೊದಲು ಮಾಡುವ ಕೆಲಸ ಫಿನೈಲ್ ಹಾಕಿ ಒರೆಸುವುದು. ಅದು ಬೇಡ: ಅದರಲ್ಲಿರಬಹುದಾದ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ, ಅದೂ ಅಲ್ಲದೆ ಅದು ಪಾದ ನೆಕ್ಕಿಕೊಳ್ಳುವ ಪ್ರಾಣಿ. ಸೋಪಿನ ನೀರಲ್ಲಿ ತೊಳೆದು, ಎರಡು ಸಲ ಬರೀ ನೀರಲ್ಲಿ ಜಾಲಿಸಿ ಬಿಸಿಲಿಗಿಟ್ಟರೆ ಸಾಕು. ಒಳಗಿನ ಟವೆಲನ್ನು ಮಾತ್ರ ಪ್ರತಿ ಸಲವೂ ಒಗೆಯಬೇಡಿ, ಬೆಕ್ಕಿನದ್ದೇ ವಾಸನೆ ಅದರಲ್ಲಿರಲಿ.