ಸ್ವಲೀನತೆಯುಳ್ಳ ಮಕ್ಕಳ ಹೊಟ್ಟೆಯ ತೊಂದರೆಗಳು: ಪೋಷಕರ ಗಮನಕ್ಕೆ

ಸ್ವಲೀನತೆ, ಅಂದರೆ ಆಟಿಸಂ ಇರುವ ಮಗು ಊಟದ ನಂತರ ಚೀರಿದರೆ, ತಲೆಯನ್ನು ಗೋಡೆಗೆ ಬಡಿದುಕೊಂಡರೆ, ನಡುರಾತ್ರಿ ಎದ್ದು ಅತ್ತರೆ ಅದನ್ನು ಹಠವೆಂದು ತಳ್ಳಿಹಾಕುವುದೇ ಹೆಚ್ಚು. ಮಲಬದ್ಧತೆ, ಹೊಟ್ಟೆನೋವು, ಭೇದಿ ಈ ಮಕ್ಕಳಲ್ಲಿ ಇತರರಿಗಿಂತ ಅಧಿಕ. ನೋವು ಎಲ್ಲಿದೆಯೆಂದು ತಿಳಿಸುವ ಮಾತು ಅನೇಕರಿಗೆ ಇರುವುದಿಲ್ಲ. ಜಗುಲಿಯ ಅಂಚಿಗೆ ಹೊಟ್ಟೆ ಒತ್ತಿ ನಿಲ್ಲುವ ಮಗು ಅದನ್ನೇ ತಿಳಿಸುತ್ತಿರಬಹುದು.

ಬಿಳಿ ಅನ್ನ, ಬಿಸ್ಕತ್ತು, ಹಾಲು ಇಷ್ಟನ್ನೇ ಒಪ್ಪುವ ಮಗುವಿಗೆ ನಾರಿನಂಶ ಸಾಲದು. ಶೌಚಾಲಯದ ಕತ್ತಲೆಗೆ, ವಾಸನೆಗೆ, ನೀರಿನ ಸದ್ದಿಗೆ ಅಂಜಿ ಮಲ ತಡೆದುಕೊಳ್ಳುವವರೂ ಉಂಟು. ತಡೆದಷ್ಟೂ ಮಲ ಗಟ್ಟಿಯಾಗುತ್ತದೆ. ವಿಸರ್ಜನೆ ನೋವಾಗಿ ಮಗು ಮತ್ತೆ ತಡೆಯುತ್ತದೆ. ಕೆಲವೊಮ್ಮೆ ಗಟ್ಟಿಮಲದ ಪಕ್ಕದಿಂದ ತೆಳುಮಲ ಸೋರಿ ಚಡ್ಡಿ ಕೊಳೆಯಾಗುತ್ತದೆ. ಇದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಔಷಧ ಕೊಟ್ಟರೆ ತೊಂದರೆ ಉಲ್ಬಣಿಸುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಪೋಷಕರು ಮತ್ತೊಂದನ್ನು ಗಮನಿಸಬೇಕು. ಆಹಾರವಲ್ಲದ್ದನ್ನು ತಿನ್ನುವ ಅಭ್ಯಾಸ ಈ ಮಕ್ಕಳಲ್ಲಿ ಕೆಲವರಿಗಿರುತ್ತದೆ. ಕಾಯಿ ಸುಲಿದ ಮಟ್ಟೆ, ನಾರು, ಕರಟದ ಚೂರು ನಮ್ಮ ಅಂಗಳಗಳಲ್ಲಿ ಬಿದ್ದೇ ಇರುತ್ತವೆ. ನುಂಗಿದ ನಾರು ಉಂಡೆಗಟ್ಟಿ ಕರುಳಿನ ಹಾದಿಗೆ ಅಡ್ಡವಾಗಬಲ್ಲದು. ಮಣ್ಣು ತಿನ್ನುವ ಮಗುವಿಗೆ ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಬೇಕು.

ಮುದ್ದೆಯನ್ನಾಗಲಿ ಸೊಪ್ಪನ್ನಾಗಲಿ ಬಲವಂತವಾಗಿ ತಿನ್ನಿಸಬಾರದು. ಮಗು ಒಪ್ಪುವ ಅನ್ನದ ಪಕ್ಕದಲ್ಲಿ ಪಪ್ಪಾಯಿಯ ಒಂದು ಚೂರನ್ನೋ ಚಿಟಿಕೆಯಷ್ಟು ಪಲ್ಯವನ್ನೋ ದಿನವೂ ಇಡಬೇಕು. ಅದು ಕೈಯಿಂದ ಮುಟ್ಟುವುದಕ್ಕೇ ವಾರಗಳು ಹಿಡಿದಾವು. ಊಟವಾದ ಮೇಲೆ 5ರಿಂದ 10 ನಿಮಿಷ, ಪ್ರತಿದಿನ ಒಂದೇ ಹೊತ್ತಿಗೆ, ಗದರಿಸದೆ ಶೌಚಕ್ಕೆ ಕೂರಿಸುವುದು ಸಹಕಾರಿ. ವೈದ್ಯರನ್ನು ಕೇಳದೆ ಪದೇ ಪದೇ ಹರಳೆಣ್ಣೆ ಕುಡಿಸಬಾರದು. ಗೋಧಿ, ಹಾಲು ಬಿಡಿಸಿದರೆ ಸ್ವಲೀನತೆಯೇ ವಾಸಿಯಾಗುವುದೆಂಬ ಪ್ರಚಾರಕ್ಕೆ ಆಧಾರವಿಲ್ಲ. ಮೊದಲೇ ಅಲ್ಪಾಹಾರಿಯಾದ ಮಗುವಿಗೆ ಇರುವ ಪೋಷಣೆಯೂ ತಪ್ಪೀತು.

ಮಗು ಏನು ತಿಂದಿತು, ಎಂದು ಶೌಚಕ್ಕೆ ಹೋಯಿತು, ಮಲ ಹೇಗಿತ್ತು, ಯಾವಾಗ ಅತ್ತಿತು ಎಂಬುದನ್ನು ಎರಡು ವಾರ ಬರೆದಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು. ಮಾತನಾಡದ ಮಗುವಿನ ಪರವಾಗಿ ಈ ಪುಸ್ತಕವೇ ಮಾತನಾಡುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗೆ, ಶಾಲೆಗೆ ಬಂದಾಗಲೂ ಇದನ್ನು ತೋರಿಸಬಹುದು. ಮಲದಲ್ಲಿ ರಕ್ತ, ಹಸಿರು ವಾಂತಿ, ಬಿಗಿದು ಉಬ್ಬಿದ ಹೊಟ್ಟೆ ಕಂಡುಬಂದಲ್ಲಿ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬಹುದು.