ಪಥ್ಯದವರ ಎಲೆಗೂ ಒಂದು ಹೋಳಿಗೆ

ಯುಗಾದಿ ಬಂತೆಂದರೆ ತೂಕ ಇಳಿಸಲು ಹೊರಟವರಿಗೆ ಪೇಚಾಟ. ಒಂದು ಹೋಳಿಗೆ ತಿಂದರೆ ತಿಂಗಳ ಪಥ್ಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂಬ ಅಳುಕು. ಲೆಕ್ಕ ಹಾಕಿದರೆ ಅಷ್ಟು ಹೆದರಬೇಕಾಗಿಲ್ಲ.

ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನುವವರು ವಾರಕ್ಕೆ 3500 ಉಳಿಸುತ್ತಾರೆ. ಮಧ್ಯಮ ಗಾತ್ರದ ಬೇಳೆ ಹೋಳಿಗೆಯಲ್ಲಿರುವುದು ಸುಮಾರು 200ರಿಂದ 250. ಲೆಕ್ಕ ತಪ್ಪಿಸುವುದು ಅದರ ಮೇಲಿನ ತುಪ್ಪ. ಸಕ್ಕರೆ, ಬೆಲ್ಲಗಳ ಒಂದು ಗ್ರಾಂ ಸುಮಾರು 4 ಕ್ಯಾಲೊರಿ ಕೊಟ್ಟರೆ ಕೊಬ್ಬಿನದು 9 ಕೊಡುತ್ತದೆ. ಟೀ ಚಮಚ ತುಪ್ಪಕ್ಕೆ 45 ಆದರೆ, ದೊಡ್ಡ ಚಮಚದ ತುಂಬ ಸುರಿದರೆ 135. ಬಡಿಸುವವರು ಅಜ್ಜಿಯಾದರೆ ಎರಡನೆಯದೇ ಗತಿ!

ಹೋಳಿಗೆಗೆ ಜಾಗ ಮಾಡಿಕೊಳ್ಳಲು ಅಂದು ಅನ್ನವನ್ನು ಅರ್ಧಕ್ಕಿಳಿಸಿ. ಹಪ್ಪಳ, ಆಂಬೊಡೆ ಬಿಟ್ಟು ಕೋಸಂಬರಿ, ಪಲ್ಯ ಹೆಚ್ಚು ಹಾಕಿಸಿಕೊಳ್ಳಿ. ಬೆಳಗಿನ ತಿಂಡಿ ಮಾತ್ರ ಬಿಡಬೇಡಿ. ಹಸಿದು ಎಲೆಯ ಮುಂದೆ ಕುಳಿತವರು ಒಂದಕ್ಕೆ ನಿಲ್ಲುವುದು ಕಷ್ಟ. ಹಬ್ಬದ ದಿನದ ಹೋಳಿಗೆಗಿಂತ ಡಬ್ಬಿಯಲ್ಲಿ ಉಳಿದದ್ದೇ ಹೆಚ್ಚು ಅಪಾಯ. ‘ಹೇಗೂ ಪಥ್ಯ ಕೆಟ್ಟಿತು’ ಎಂದು ಮೂರು ದಿನ ತಿಂದರೆ ವಾರದ ಉಳಿತಾಯ ಕರಗುತ್ತದೆ. ಉಳಿದದ್ದನ್ನು ಅಕ್ಕಪಕ್ಕದವರಿಗೆ ಕೊಟ್ಟುಬಿಡಿ.

ಸಕ್ಕರೆ ಕಾಯಿಲೆಯವರ ಮಾತು ಬೇರೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಹೋಳಿಗೆಯ ಆಸೆಗೆ ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಅಂಥವರು ಹಬ್ಬಕ್ಕೆ ಮೊದಲೇ ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು.