ಹೆಸರು ಉಳಿದು ಪಟ್ಟು ಮರೆಯಾದ ಮಲ್ಲವಿದ್ಯೆ

ಕಲಬುರಗಿ ಸೀಮೆಯ ಸೇಡಂ ತಾಲ್ಲೂಕಿನ ಮಳಖೇಡವು, ಅಂದರೆ ರಾಷ್ಟ್ರಕೂಟರ ಮಾನ್ಯಖೇಟವು, 973ರಲ್ಲಿ ಚಾಲುಕ್ಯ ತೈಲಪನ ಏಳಿಗೆಯೊಂದಿಗೆ ಒಡೆಯರನ್ನು ಬದಲಿಸಿತು. ಮುಂದೆ ಆ ಚಾಲುಕ್ಯರು ಕಲ್ಯಾಣವನ್ನು, ಇಂದಿನ ಬಸವಕಲ್ಯಾಣವನ್ನು, ರಾಜಧಾನಿ ಮಾಡಿಕೊಂಡರು. ‘ಭೂಲೋಕಮಲ್ಲ’ ಎಂಬ ಬಿರುದು ಹೊತ್ತ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿಂದ ಆಳುತ್ತ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ, ಜಟ್ಟಿಗಳ ಕಾಳಗವನ್ನು ಕುರಿತ ‘ಮಲ್ಲವಿನೋದ’ ಎಂಬ ಅಧ್ಯಾಯವಿದೆ.

ಈ ಅಧ್ಯಾಯವು ವಯಸ್ಸು, ಮೈಕಟ್ಟು ಮತ್ತು ಬಲಕ್ಕೆ ತಕ್ಕಂತೆ ಮಲ್ಲರನ್ನು ವಿಂಗಡಿಸುತ್ತದೆ, ಅವರಿಗೆ ಬೇಳೆಕಾಳು, ಮಾಂಸ, ಹಾಲು ಮತ್ತು ಸಿಹಿ ತಿನಿಸುಗಳನ್ನು ಅರಮನೆಯೇ ಒದಗಿಸಬೇಕೆಂದು ವಿಧಿಸುತ್ತದೆ, ಸ್ತ್ರೀಯರಿಂದ ಅವರು ದೂರವಿರಬೇಕೆಂದೂ ಹೇಳುತ್ತದೆ. ಆದರೆ ಪಟ್ಟುಗಳ ವಿಷಯಕ್ಕೆ ಬಂದಾಗ ಹೆಸರುಗಳನ್ನು ಕೊಡುವ ಗ್ರಂಥವು, ಅವನ್ನು ಹಾಕುವ ಬಗೆಯನ್ನು ವಿವರಿಸುವುದಿಲ್ಲ. ಮಲ್ಲರ ಊಟದ ವಿವರವನ್ನೂ ಬಿಡದ ಅರಸನು ಇಲ್ಲಿ ಮೌನ ತಾಳಿದ್ದು ಮರೆವಿನಿಂದಲ್ಲ ಎಂದೇ ತೋರುತ್ತದೆ. ಪಟ್ಟು ಗುರುವಿನ ಮೈಯಿಂದ ಶಿಷ್ಯನ ಮೈಗೆ ಗರಡಿಯ ಮಣ್ಣಿನಲ್ಲಿ ಸಾಗಬೇಕಾದ ವಿದ್ಯೆಯಾಗಿತ್ತು.

ಗುಟ್ಟಿನ ಯುದ್ಧವಿದ್ಯೆಯೆಂದು ಜಗತ್ಪ್ರಸಿದ್ಧವಾದ ಜಪಾನಿನ ನಿಂಜುತ್ಸು, ಅಂದರೆ ಮರೆಯಲ್ಲಿದ್ದು ಶತ್ರುವಿನ ಸುದ್ದಿ ಸಂಗ್ರಹಿಸುವ ಹಾಗೂ ಕೋಟೆಯೊಳಕ್ಕೆ ನುಸುಳುವ ಕಲೆ, ಇದೇ ಬಗೆಯ ಮೌನವನ್ನು ಕಾಯ್ದುಕೊಂಡಿತ್ತು. ಇಗಾ ಮತ್ತು ಕೋಗಾ ಎಂಬ ಬೆಟ್ಟಸೀಮೆಗಳ ಮನೆತನಗಳಲ್ಲಿ ಬೆಳೆದ ಈ ಕಲೆ, 1581ರಲ್ಲಿ ಓಡಾ ನೊಬುನಾಗಾನ ಸೈನ್ಯ ಇಗಾವನ್ನು ಧ್ವಂಸಗೊಳಿಸಿ, ಮುಂದೆ ತೊಕುಗಾವಾ ಮನೆತನದ ಆಳ್ವಿಕೆಯಲ್ಲಿ ಯುದ್ಧಗಳೇ ವಿರಳವಾದ ಮೇಲೆ, ಮಾಸಿಹೋಗುವ ಭಯದಿಂದ ಕಾಗದಕ್ಕಿಳಿಯಿತು. 1676ರ ‘ಬಾನ್‌ಸೆನ್‌ಶೂಕಾಯ್’ ಹೀಗೆ ಹುಟ್ಟಿದ ದೊಡ್ಡ ಸಂಕಲನ. ಅದರಲ್ಲಿಯೂ ಮುಖ್ಯವಾದ ಎಡೆಗಳಲ್ಲಿ ‘ಇದು ಬಾಯಿಂದ ಬಾಯಿಗೆ ಬರುವ ಪಾಠ’ ಎಂಬರ್ಥದ ಸೂಚನೆಯಷ್ಟೇ ಇರುತ್ತದೆ.

ಕನ್ನಡ ನಾಡಿನ ವಿದ್ಯೆ ಗ್ರಂಥಕ್ಕಿಂತ ಹಬ್ಬವನ್ನೇ ಹೆಚ್ಚು ನಂಬಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯಲ್ಲಿ ಹಲ್ಲು ಉದುರುವಂತೆ, ಮುಖ ವಿರೂಪಗೊಳ್ಳುವಂತೆ ಜಟ್ಟಿಗಳು ಹೊಡೆದಾಡಿದ್ದನ್ನು ದಾಖಲಿಸಿದ್ದಾನೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ಮುಂದೆ ಮೈಸೂರಿನ ದಸರೆಯಲ್ಲಿ ನೆಲೆ ಪಡೆದ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿ ಜನಾಂಗದವರು ತಲೆ ಬೋಳಿಸಿ ಜುಟ್ಟು ಮಾತ್ರ ಉಳಿಸಿಕೊಂಡು, ಬಲಗೈ ಬೆರಳುಗಳಿಗೆ ದಂತ ಅಥವಾ ಕೊಂಬಿನಿಂದ ಮಾಡಿದ ಮೊನೆಯುಳ್ಳ ಆಯುಧವನ್ನು ಧರಿಸಿ ಸೆಣಸುತ್ತಾರೆ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಂಬೂಸವಾರಿಗೆ ಮುನ್ನ ನಡೆಯುವ ಈ ಕಾಳಗ, ಎದುರಾಳಿಯ ತಲೆಯಿಂದ ಮೊದಲ ರಕ್ತದ ಹನಿ ಚಿಮ್ಮಿದೊಡನೆ ನಿಲ್ಲುತ್ತದೆ. ಎಷ್ಟೋ ವರ್ಷ ಅದು ಒಂದೆರಡು ನಿಮಿಷವನ್ನೂ ಮೀರುವುದಿಲ್ಲ.

ಆಚರಣೆಯ ಆಸರೆ ಇಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲವೆಂಬುದು ನಿಜ, ಆದರೆ ಆಚರಣೆಗೆ ಬೇಕಾದದ್ದು ಆ ಒಂದು ಹನಿ ರಕ್ತವೇ ಹೊರತು ವಿದ್ಯೆಯ ಪೂರ್ಣ ವಿಸ್ತಾರವಲ್ಲ. ರಾಜಾಶ್ರಯ ಕರಗಿ, 1971ರಲ್ಲಿ ರಾಜಧನವೂ ರದ್ದಾದ ಮೇಲೆ, ವರ್ಷವಿಡೀ ಗರಡಿಯಲ್ಲಿಯೇ ಬದುಕು ಸವೆಸುವ ಅವಕಾಶ ಜಟ್ಟಿ ಮನೆತನಗಳಿಗೆ ದೊರೆಯುವುದು ಕಷ್ಟವಾಯಿತು. ಜಪಾನಿನಲ್ಲಿ ಇಗಾ ಸೀಮೆಯನ್ನೊಳಗೊಂಡ ಮಿಎ ಪ್ರಾಂತ್ಯದ ವಿಶ್ವವಿದ್ಯಾಲಯವು 2017ರಲ್ಲಿ ನಿಂಜಾ ಸಂಶೋಧನಾ ಕೇಂದ್ರವನ್ನೇ ತೆರೆದಿದೆ. ಕಲ್ಯಾಣದ ಗ್ರಂಥದಲ್ಲಿ ಬರಿಯ ಹೆಸರಾಗಿ ಉಳಿದಿರುವ ಪಟ್ಟುಗಳನ್ನು ಮೈಸೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳ ಕೈಚಳಕದೊಂದಿಗೆ, ಕಲಬುರಗಿ ಸೀಮೆಯ ತಾಲೀಮುಗಳ ಉಸ್ತಾದರ ಕುಸ್ತಿಪಟ್ಟುಗಳೊಂದಿಗೆ ಹೋಲಿಸಿ ನೋಡುವ ಕೆಲಸವನ್ನು ಸಂಸ್ಕೃತ ಬಲ್ಲವರೊಬ್ಬರೇ ಮಾಡಲಾರರು, ಪೈಲ್ವಾನರೊಬ್ಬರೇ ಮಾಡಲಾರರು. ಇಬ್ಬರೂ ಒಂದೇ ಮಟ್ಟಿಯಲ್ಲಿ, ಅಂದರೆ ಗರಡಿಯ ಕೆಮ್ಮಣ್ಣಿನಲ್ಲಿ, ಎದುರುಬದುರು ನಿಲ್ಲಬೇಕಾಗುತ್ತದೆ.